ಗುದ್ದಲಿ ಹಿಡಿದ ಸೈನಿಕ

(ಬಾನುಲಿ ಭಾಷಣ)

ವಾಲ್ಮೀಕಿ ರಾಮಾಯಣದ ಯುದ್ಧಕಾಂಡದಲ್ಲಿ ಎರಡು ಸೈನ್ಯಗಳು ಎದುರಾಗುವ ಮೊದಲೇ ಒಂದು ದೊಡ್ಡ ಕೆಲಸ ನಡೆದುಹೋಗುತ್ತದೆ. ಅದು ಸೇತುಬಂಧದ ಕೆಲಸ. ನೂರು ಯೋಜನ ಉದ್ದದ ಆ ಸೇತುವೆಯನ್ನು ಐದು ದಿನಗಳಲ್ಲಿ ಕಟ್ಟಿದರೆಂದೂ, ಮೊದಲ ದಿನ ಹದಿನಾಲ್ಕು ಯೋಜನ, ಎರಡನೆಯ ದಿನ ಇಪ್ಪತ್ತು, ಅಲ್ಲಿಂದ ಮುಂದೆ ದಿನಕ್ಕೊಂದು ಯೋಜನ ಹೆಚ್ಚಿಸುತ್ತ ಮುಗಿಸಿದರೆಂದೂ ಆದಿಕವಿ ಲೆಕ್ಕ ಒಪ್ಪಿಸುತ್ತಾನೆ. ಕಾಮಗಾರಿಯ ದಿನಚರಿಯನ್ನು ಓದಿದಂತಿರುತ್ತದೆ ಆ ಭಾಗ. ಕೆಲಸದ ಮೇಲ್ವಿಚಾರಕ ನಳ, ವಿಶ್ವಕರ್ಮನ ಮಗ. ಸೇತುವೆ ಮುಗಿಯಿತು, ಕಪಿಸೈನ್ಯ ದಾಟಿತು, ಯುದ್ಧ ಮೊದಲಾಯಿತು. ಆಮೇಲೆ ನಮ್ಮ ನೆನಪಿನಲ್ಲಿ ಉಳಿಯುವವರು ಹನುಮಂತ, ಅಂಗದ, ಲಕ್ಷ್ಮಣ. ನಳನೂ ಕಾದಿದನೆಂಬುದು ನಿಜವಾದರೂ ಅವನು ಹತ್ತು ಜನರ ನಡುವೆ ಹನ್ನೊಂದನೆಯವನಾಗಿ ಸೇರಿಹೋಗುತ್ತಾನೆ.

ನಾನು ಈ ಹೊತ್ತು ಮಾತನಾಡಬೇಕೆಂದಿರುವುದು ನಳನ ಈ ಕಾಲದ ವಾರಸುದಾರರನ್ನು ಕುರಿತು. ಇಂಗ್ಲಿಷಿನಲ್ಲಿ ಅವರನ್ನು ಸ್ಯಾಪರ್ ಎನ್ನುತ್ತಾರೆ, ಅಂದರೆ ಸೇನೆಯ ಇಂಜಿನಿಯರ್ ದಳದ ಸೈನಿಕರು. ಇಂಜಿನಿಯರ್ ಎಂದೊಡನೆ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕುಳಿತ ಲೋಕೋಪಯೋಗಿ ಇಲಾಖೆಯವರನ್ನು ಕಲ್ಪಿಸಿಕೊಳ್ಳಬಾರದು. ಇವರು ಸಮರದ ಮುಂಚೂಣಿಯವರು. ಎಷ್ಟೋ ಸಲ ಮುಂಚೂಣಿಗಿಂತಲೂ ನೂರು ಗಜ ಮುಂದೆ ಇರುವವರು. ಕಾಲಾಳು ಪಡೆಗೂ ಟ್ಯಾಂಕುಗಳಿಗೂ ಇವರು ದಾರಿ ಬಿಡಿಸಿಕೊಡದ ಹೊರತು ಹೆಜ್ಜೆ ಕಿತ್ತಿಡುವಂತಿಲ್ಲ. ಆದರೆ ದಾರಿ ಬಿಡಿಸುವಾಗ ಇವರ ಎರಡು ಕೈಗಳೂ ಕೆಲಸದಲ್ಲಿ ತೊಡಗಿರುತ್ತವೆ. ಬಂದೂಕು ಬೆನ್ನಿಗಿರುತ್ತದೆ. ಗುಂಡು ಹಾರಿ ಬಂದರೆ ತಿರುಗಿ ಹಾರಿಸುವ ಅವಕಾಶ ಇವರಿಗಿಲ್ಲ. ಶೌರ್ಯವೆಂದರೆ ನುಗ್ಗುವುದು, ಇರಿಯುವುದು, ತರಿಯುವುದು ಎಂದು ಕಾವ್ಯಗಳಿಂದ ಕಲಿತ ನನ್ನಂಥವನಿಗೆ, ಮೊಣಕಾಲೂರಿ ಮಣ್ಣು ಕೆದಕುತ್ತ ಅಂಗುಲ ಅಂಗುಲವಾಗಿ ಸಾಗುವ ಈ ಶೌರ್ಯವನ್ನು ಗುರುತಿಸಲು ಸ್ವಲ್ಪ ಪ್ರಯತ್ನವೇ ಬೇಕಾಯಿತು.

ಭಾಷೆಯ ಮೇಷ್ಟ್ರಾದ್ದರಿಂದ ಇಲ್ಲೊಂದು ಶಬ್ದದ ವಿಚಾರ ಹೇಳಿ ಮುಂದುವರಿಯುತ್ತೇನೆ. ಕೌಟಿಲ್ಯನ ಅರ್ಥಶಾಸ್ತ್ರದ ಹತ್ತನೆಯ ಅಧಿಕರಣ ಯುದ್ಧವನ್ನು ಕುರಿತದ್ದು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಓಲೆಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಲೋಕಕ್ಕೆ ತೋರಿಸಿಕೊಟ್ಟ ಗ್ರಂಥವಿದು. ಕಾಲಾಳು, ಕುದುರೆ, ರಥ, ಆನೆ ಇವುಗಳ ಕರ್ತವ್ಯವನ್ನು ಹೇಳಿದ ಮೇಲೆ ಕೌಟಿಲ್ಯ ಇನ್ನೊಂದು ವರ್ಗವನ್ನು ಹೆಸರಿಸುತ್ತಾನೆ. ಶಿಬಿರದ ನೆಲ, ದಾರಿ, ಸೇತುವೆ, ಬಾವಿ, ಹೊಳೆ ದಾಟುವ ಕಡವು ಇವುಗಳನ್ನು ಸರಿಪಡಿಸುವುದು, ಯಂತ್ರ, ಆಯುಧ, ಮೇವುಗಳನ್ನು ಹೊರುವುದು, ಬಿದ್ದ ಆಯುಧಗಳನ್ನೂ ಗಾಯಾಳುಗಳನ್ನೂ ರಣರಂಗದಿಂದ ಎತ್ತಿ ತರುವುದು ಆ ವರ್ಗದ ಕೆಲಸ. ಅದಕ್ಕೆ ಅವನು ಕೊಡುವ ಹೆಸರು ವಿಷ್ಟಿ. ಈ ವಿಷ್ಟಿ ಕನ್ನಡಕ್ಕೆ ಬಂದು ತದ್ಭವವಾಗಿ ಏನಾಯಿತು ಬಲ್ಲಿರಾ? ಬಿಟ್ಟಿ! ಕೂಲಿಯಿಲ್ಲದೆ ದುಡಿಸಿಕೊಳ್ಳುವ ಬಿಟ್ಟಿ, ಬೆಲೆಯಿಲ್ಲದೆ ದೊರೆಯುವ ಬಿಟ್ಟಿ. ಸೈನ್ಯಕ್ಕೆ ದಾರಿ ಮಾಡಿಕೊಟ್ಟವನ ಕೆಲಸಕ್ಕೆ ಭಾಷೆ ಕಟ್ಟಿದ ಬೆಲೆ ಇಷ್ಟು. ನಮ್ಮ ನಾಡಿನ ವೀರಗಲ್ಲುಗಳನ್ನು ನೋಡಿ. ಬಿಲ್ಲು ಹಿಡಿದವನಿದ್ದಾನೆ, ಕುದುರೆಯೇರಿದವನಿದ್ದಾನೆ, ತುರುಗಳನ್ನು ಬಿಡಿಸಲು ಹೋಗಿ ಮಡಿದವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ನಾನು ನೋಡಿದ ಮಟ್ಟಿಗೆ ಗುದ್ದಲಿ ಹಿಡಿದವನ ಕಲ್ಲು ಒಂದೂ ಇಲ್ಲ. ಕೋಟೆಯ ಅಗಳನ್ನು ತುಂಬಿದವನೂ ಗೋಡೆಗೆ ಏಣಿ ಸಾಗಿಸಿದವನೂ ಬಾಣಕ್ಕೆ ಬಲಿಯಾಗದೆ ಉಳಿದಿರಲಾರರು.

ಸ್ಯಾಪರ್ ಎಂಬ ಶಬ್ದವೂ ಮೂಲದಲ್ಲಿ ಗುದ್ದಲಿಯೇ. ಇಟಾಲಿಯನ್ ಭಾಷೆಯಲ್ಲಿ ಜಪ್ಪಾ ಎಂದರೆ ಗುದ್ದಲಿ. ಫ್ರೆಂಚರು ಅದನ್ನು ತೆಗೆದುಕೊಂಡು, ಕೋಟೆಯ ಕಡೆಗೆ ಮುತ್ತಿಗೆ ಹಾಕಿದವರು ಅಗೆದುಕೊಂಡು ಹೋಗುವ ಮರೆಗಾಲುವೆಗೆ ಆ ಹೆಸರಿಟ್ಟರು. ಕಾಲುವೆ ನೇರವಾಗಿದ್ದರೆ ಕೋಟೆಯ ಮೇಲಿನ ಗುಂಡು ಅದರುದ್ದಕ್ಕೂ ಹಾಯುತ್ತದೆ. ಆದ್ದರಿಂದ ಹಾವಿನ ನಡಿಗೆಯಂತೆ ಅಂಕುಡೊಂಕಾಗಿ ಅಗೆಯಬೇಕು. ತುದಿಯಲ್ಲಿ ಅಗೆಯುವವನು ಕೋಟೆಗೆ ಎಲ್ಲರಿಗಿಂತ ಹತ್ತಿರದಲ್ಲಿರುತ್ತಾನೆ.

ಈ ವಿದ್ಯೆ ಕನ್ನಡನಾಡಿನ ನೆಲದಲ್ಲಿ ಮೆರೆದದ್ದು ನಮಗೆ ಸಂತೋಷದ ನೆನಪೇನೂ ಅಲ್ಲ. ಈಸ್ಟ್ ಇಂಡಿಯಾ ಕಂಪನಿಯವರು ೧೭೮೦ರಲ್ಲಿ ಮದ್ರಾಸಿನಲ್ಲಿ ಪಯನೀರ್ ಎಂಬ ಹೆಸರಿನ ಎರಡು ತುಕಡಿಗಳನ್ನು ಕಟ್ಟಿದರು. ೧೭೯೯ರ ಬೇಸಗೆಯಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಬಿದ್ದಾಗ ಆ ಪಡೆಯವರೂ ಇದ್ದರು. ಮುಂಗಾರು ಹಿಡಿದು ಕಾವೇರಿ ತುಂಬಿದರೆ ಮುತ್ತಿಗೆ ಕೆಟ್ಟಂತೆಯೇ. ಅದಕ್ಕಾಗಿ ಆತುರ. ಹೊಳೆಯ ಆಚೆಯಿಂದ ಮರೆಗಾಲುವೆಗಳನ್ನು ಮುಂದುಮುಂದಕ್ಕೆ ತಂದು, ತೋಪುಗಳನ್ನು ಹೂಡಿ, ಗೋಡೆಯಲ್ಲಿ ಬಿರುಕು ಮಾಡಿ, ಮೇ ೪ರ ನಡುಹಗಲಿನಲ್ಲಿ ಬಂಡೆಗಳ ನಡುವೆ ಹೊಳೆ ಹಾಯ್ದು ಲಗ್ಗೆ ಹತ್ತಿದರು. ಉಳಿದ ಕಥೆ ಎಲ್ಲರಿಗೂ ಗೊತ್ತು. ಆ ಪಡೆಯೇ ಮುಂದೆ ಮದ್ರಾಸ್ ಸ್ಯಾಪರ್ಸ್ ಎಂಬ ಹೆಸರು ಪಡೆಯಿತು. ೧೮೩೪ರಲ್ಲಿ ಅದರ ಕೇಂದ್ರ ಬೆಂಗಳೂರಿಗೆ ಬಂದಿತು. ಹಲಸೂರು ಕೆರೆಯ ದಂಡೆಯಲ್ಲಿ ಇಂದಿಗೂ ಅದು ಇದೆ, ಈಗ ಸ್ವತಂತ್ರ ಭಾರತದ ಸೇನೆಯ ಅಂಗವಾಗಿ. ಅದರ ಸೈನಿಕರನ್ನು ಸೇನೆಯಲ್ಲಿ ಪ್ರೀತಿಯಿಂದ ‘ತಂಬಿ’ಗಳೆಂದು ಕರೆಯುತ್ತಾರೆ.

ಬೆಂಗಳೂರಿನ ಹೆಸರು ಲೋಕದ ಎಲ್ಲ ಸೇನೆಗಳ ಪಠ್ಯದಲ್ಲಿ ಸೇರಿದ್ದು ಈ ಕೇಂದ್ರದಿಂದಲೇ. ೧೯೧೨ರಲ್ಲಿ ಇಲ್ಲಿದ್ದ ಮೆಕ್‌ಕ್ಲಿಂಟಾಕ್ ಎಂಬ ಕ್ಯಾಪ್ಟನ್ ಒಂದು ಸರಳವಾದ ಸಾಧನವನ್ನು ಮಾಡಿದನು. ಸ್ಫೋಟಕ ತುಂಬಿದ ಉದ್ದನೆಯ ಕೊಳವೆಗಳು, ಒಂದರ ಬಾಯಿಗೆ ಇನ್ನೊಂದನ್ನು ಸಿಕ್ಕಿಸುತ್ತ ಹೋಗಬಹುದು. ತುದಿಗೆ ನುಣುಪಾದ ಮೂತಿ. ಸೈನಿಕ ನೆಲಕ್ಕೆ ಅವುಚಿಕೊಂಡು ಮರೆಯಲ್ಲಿದ್ದೇ ಕೊಳವೆಯನ್ನು ಮುಳ್ಳುತಂತಿಯ ಬೇಲಿಯೊಳಕ್ಕೆ ತಳ್ಳಿ, ಹಿಂದಿನಿಂದ ಬೆಂಕಿ ಕೊಟ್ಟರೆ ಬೇಲಿ ಸೀಳಿ ಆಳು ನುಗ್ಗುವಷ್ಟು ದಾರಿಯಾಗುತ್ತದೆ. ಬೆಂಗಳೂರ್ ಟಾರ್ಪೆಡೊ ಎಂದೇ ಅದಕ್ಕೆ ಹೆಸರಾಯಿತು. ಎರಡು ವರ್ಷಗಳಲ್ಲಿ ಮೊದಲ ಮಹಾಯುದ್ಧ ಹತ್ತಿ, ಯುರೋಪಿನ ರಣರಂಗವೆಲ್ಲ ಮುಳ್ಳುತಂತಿಯ ಕಾಡಾದಾಗ ಅದರ ಬೆಲೆ ತಿಳಿಯಿತು. ೧೯೪೪ರ ಜೂನಿನಲ್ಲಿ ನಾರ್ಮಂಡಿಯ ಕಡಲತೀರಕ್ಕೆ ಇಳಿದ ಅಮೆರಿಕದ ಸೈನಿಕರೂ ಅದನ್ನೇ ಹೊತ್ತಿದ್ದರು. ನಮ್ಮೂರಿನ ಹೆಸರು ಭೂಪಟದಲ್ಲಿ ಎಲ್ಲಿದೆಯೆಂದು ಅರಿಯದವರ ಬಾಯಲ್ಲಿಯೂ ಆ ಬೆಳಗಿನ ಜಾವ ‘ಬೆಂಗಳೂರ್’ ಎಂಬ ಶಬ್ದ ಇತ್ತು.

ಸ್ಯಾಪರನ ಕೆಲಸ ಎರಡು ಮುಖದ್ದು. ತನ್ನವರಿಗೆ ದಾರಿ ಮಾಡುವುದು ಒಂದು, ಹಗೆಯ ದಾರಿ ಕೆಡಿಸುವುದು ಇನ್ನೊಂದು. ಸೇತುವೆ ಕಟ್ಟುವವನೂ ಅವನೇ, ಒಡೆಯುವವನೂ ಅವನೇ.

ಕಟ್ಟುವ ಮಾತನ್ನು ಮೊದಲು ಹೇಳೋಣ. ಎರಡನೆಯ ಮಹಾಯುದ್ಧದಲ್ಲಿ ಡೊನಾಲ್ಡ್ ಬೇಲಿ ಎಂಬ ಬ್ರಿಟಿಷ್ ಇಂಜಿನಿಯರ್ ಒಂದು ಸೇತುವೆಯನ್ನು ಯೋಚಿಸಿದನು. ಹತ್ತು ಅಡಿ ಉದ್ದ, ಸುಮಾರು ಐದು ಅಡಿ ಎತ್ತರದ ಉಕ್ಕಿನ ಚೌಕಟ್ಟುಗಳು ಅದರ ಮೂಲ ಅಂಗ. ಆರು ಜನ ಸೇರಿದರೆ ಒಂದನ್ನು ಎತ್ತಬಹುದು. ಒಂದಕ್ಕೊಂದನ್ನು ಗೂಟ ಹಾಕಿ ಬಿಗಿದರೆ ಆಯಿತು, ದೊಡ್ಡ ಯಂತ್ರವೇನೂ ಬೇಡ. ಸೇತುವೆಯನ್ನು ಈ ದಡದಲ್ಲಿಯೇ ಜೋಡಿಸಿ ಉರುಳೆಗಳ ಮೇಲಿಟ್ಟು ಆ ದಡಕ್ಕೆ ತಳ್ಳುತ್ತಾರೆ. ಮುಂದಿನ ತುದಿ ನೀರಿಗೆ ಬಾಗದಂತೆ ಹಗುರವಾದ ಒಂದು ಮೂಗನ್ನು ಮುಂದೆ ಕಟ್ಟಿರುತ್ತಾರೆ. ೧೯೪೪ರ ಡಿಸೆಂಬರಿನಲ್ಲಿ ಬರ್ಮಾದ ಚಿಂದ್ವಿನ್ ನದಿಗೆ ಕಲೇವಾ ಎಂಬಲ್ಲಿ ತೇಲುದೋಣಿಗಳ ಮೇಲೆ ಹಾಸಿದ ಇಂಥ ಸೇತುವೆ ೧,೧೫೪ ಅಡಿ ಉದ್ದವಿತ್ತು. ಹದಿನಾಲ್ಕನೆಯ ಸೈನ್ಯ ಅದರ ಮೇಲೆ ಹಾದು ಬರ್ಮಾದ ಒಳನಾಡಿಗೆ ಇಳಿಯಿತು. ಪ್ರವಾಹದಲ್ಲಿ ಸೇತುವೆ ಕೊಚ್ಚಿಹೋದ ನಮ್ಮ ಮಲೆನಾಡಿನಲ್ಲಾಗಲಿ ಹಿಮಾಲಯದಲ್ಲಾಗಲಿ ಇಂದು ಸೇನೆಯವರು ಬಂದು ಒಂದೆರಡು ದಿನಗಳಲ್ಲಿ ನಿಲ್ಲಿಸುವ ಉಕ್ಕಿನ ಸೇತುವೆ ಇದರ ಸಂತತಿಯೇ.

ಒಡೆಯುವ ಕೆಲಸ ಹೊರನೋಟಕ್ಕೆ ಸುಲಭ. ಮದ್ದು ಕಟ್ಟಿ ಗುಂಡಿ ಒತ್ತಿದರಾಯಿತು. ಯಾವಾಗ ಒತ್ತಬೇಕು ಎಂಬುದೇ ಕಷ್ಟ. ಒಂದು ಗಳಿಗೆ ತಡವಾದರೆ ಸೇತುವೆ ಹಗೆಯ ಕೈಗೆ ಇಡಿಯಾಗಿ ಸಿಗುತ್ತದೆ. ಒಂದು ಗಳಿಗೆ ಮೊದಲಾದರೆ ತನ್ನವರೇ ಆಚೆ ದಡದಲ್ಲಿ ಉಳಿಯುತ್ತಾರೆ. ಈ ಎರಡರ ನಡುವೆ ಸಿಕ್ಕಿಬಿದ್ದವರ ಕಥೆ ಸಿತ್ತಾಂಗ್ ಸೇತುವೆಯದು. ಅದು ೧೯೪೨ರ ಫೆಬ್ರವರಿ. ಜಪಾನೀ ಸೈನ್ಯ ಬರ್ಮಾದೊಳಗೆ ನುಗ್ಗಿ ಬರುತ್ತಿತ್ತು. ಹದಿನೇಳನೆಯ ಭಾರತೀಯ ಡಿವಿಜನ್ ಸಿತ್ತಾಂಗ್ ನದಿಯ ಕಡೆಗೆ ಹಿಮ್ಮೆಟ್ಟುತ್ತಿತ್ತು. ಆ ನದಿಗೆ ಇದ್ದುದು ಒಂದೇ ಒಂದು ರೈಲು ಸೇತುವೆ. ಅದು ಹೋದರೆ ರಂಗೂನಿನ ದಾರಿ ಬಂದ್. ಅದು ಉಳಿದು ಜಪಾನೀಯರಿಗೆ ಸಿಕ್ಕಿದರೆ ರಂಗೂನಿನ ದಾರಿ ಅವರಿಗೆ ತೆರೆದ ಬಾಗಿಲು. ೨೨ರ ರಾತ್ರಿ ಶತ್ರು ಸೇತುವೆಯ ಬಳಿಗೇ ಬಂದಿದ್ದನು. ಡಿವಿಜನ್ನಿನ ಎರಡು ಬ್ರಿಗೇಡುಗಳ ಬಹುಭಾಗ ಇನ್ನೂ ಆಚೆ ಕಡೆಯ ಕಾಡಿನಲ್ಲಿತ್ತು. ಅವರಿಗೂ ಸೇತುವೆಗೂ ನಡುವೆ ಸಂಪರ್ಕ ಕಡಿದಿತ್ತು. ಅವರು ಬದುಕಿದ್ದಾರೋ ಇಲ್ಲವೋ, ಎಷ್ಟು ದೂರದಲ್ಲಿದ್ದಾರೋ ಈಚೆಯವರಿಗೆ ತಿಳಿಯುವ ಬಗೆಯಿರಲಿಲ್ಲ. ಹಗಲಾದ ಮೇಲೆ ಸೇತುವೆಯನ್ನು ಉಳಿಸಿಕೊಳ್ಳುವ ಭರವಸೆ ಸ್ಥಳದಲ್ಲಿದ್ದ ಅಧಿಕಾರಿಗೆ ಇರಲಿಲ್ಲ. ಫೋನಿನ ಮೂಲಕ ಮೇಲಿನಿಂದ ಅನುಮತಿ ಬಂದಿತು. ೨೩ರ ಬೆಳಗಿನ ಜಾವ ಐದೂವರೆಯ ಹೊತ್ತಿಗೆ ಸೇತುವೆ ಸಿಡಿಯಿತು.

ಆ ಸದ್ದನ್ನು ಆಚೆ ದಡದವರು ಕೇಳಿದರು. ಅದರ ಅರ್ಥವೇನೆಂದು ಯಾರೂ ಅವರಿಗೆ ಹೇಳಬೇಕಾಗಿರಲಿಲ್ಲ. ಬಿದಿರು, ಪೆಟ್ರೋಲಿನ ಡಬ್ಬ, ಕೈಗೆ ಸಿಕ್ಕಿದ್ದನ್ನು ಕಟ್ಟಿಕೊಂಡು ಅಗಲವಾದ ಆ ನದಿಯನ್ನು ಈಜಲು ಹೊರಟರು. ಕೆಲವರು ದಾಟಿದರು, ಹಲವರು ಮುಳುಗಿದರು, ಉಳಿದವರು ಸೆರೆಸಿಕ್ಕರು. ಕಡೆಗೆ ಡಿವಿಜನ್ನಿನಲ್ಲಿ ಉಳಿದ ಕಾಲಾಳುಗಳು ಸುಮಾರು ೩,೫೦೦, ಅವರ ಕೈಯಲ್ಲಿದ್ದ ಬಂದೂಕುಗಳು ಸುಮಾರು ೧,೪೦೦. ಹದಿನೈದು ದಿನ ಕಳೆಯುವುದರೊಳಗೆ, ಮಾರ್ಚಿ ೮ರಂದು, ರಂಗೂನ್ ಹೇಗೂ ಬಿದ್ದಿತು. ಸೇತುವೆ ಒಡೆದದ್ದು ಸರಿಯೇ ತಪ್ಪೇ ಎಂದು ಸೈನ್ಯದ ಚರಿತ್ರಕಾರರು ಇಂದಿಗೂ ಚರ್ಚಿಸುತ್ತಾರೆ. ಇಪ್ಪತ್ತು ಗಂಟೆ ತಾಳಿದ್ದರೆ ಏನಾಗುತ್ತಿತ್ತು ಎಂದು ಆರಾಮಕುರ್ಚಿಯಲ್ಲಿ ಕುಳಿತು ಲೆಕ್ಕ ಹಾಕುವುದು ಸುಲಭ. ಮದ್ದನ್ನು ಕಟ್ಟಿ ಇಡೀ ರಾತ್ರಿ ಗುಂಡಿಯ ಪಕ್ಕದಲ್ಲಿ ಕುಳಿತ ಸ್ಯಾಪರುಗಳಿಗೆ ಆ ಆರಾಮ ಇರಲಿಲ್ಲವೆಂಬುದನ್ನಷ್ಟೇ ನಾನು ಹೇಳಬಲ್ಲೆ. ಆಜ್ಞೆ ಬೇರೆಯವರದು, ಬೆರಳು ಇವರದು.

ಇನ್ನು ನೆಲಬಾಂಬಿನ ವಿಷಯ. ಸ್ಯಾಪರನ ಕೆಲಸದಲ್ಲಿ ಇದಕ್ಕಿಂತ ಹೆಚ್ಚು ಎದೆ ನಡುಗಿಸುವುದು ಬೇರೊಂದಿಲ್ಲ. ನೆಲಬಾಂಬು ಮುಖ್ಯವಾಗಿ ಎರಡು ಬಗೆ. ಟ್ಯಾಂಕನ್ನು ಕೆಡಿಸುವ ದೊಡ್ಡ ಬಾಂಬಿನ ಮೇಲೆ ಮನುಷ್ಯ ಕಾಲಿಟ್ಟರೆ ಸಾಮಾನ್ಯವಾಗಿ ಅದು ಸಿಡಿಯುವುದಿಲ್ಲ, ಅವನ ಭಾರ ಅದಕ್ಕೆ ಸಾಲದು. ಹಾಗಾದರೆ ನಡೆದುಹೋಗಿ ಅದನ್ನು ಕಿತ್ತುಹಾಕಬಹುದಲ್ಲ ಎನ್ನುತ್ತೀರಿ. ಕೀಳಬಾರದೆಂದೇ ಅದರ ಸುತ್ತ ಮನುಷ್ಯನ ಕಾಲು ಹಾರಿಸುವ ಚಿಕ್ಕ ಬಾಂಬುಗಳನ್ನು ಹೂಳಿರುತ್ತಾರೆ. ಕೆಲವು ಸಲ ದೊಡ್ಡದರ ಅಡಿಯಲ್ಲಿ ಇನ್ನೊಂದನ್ನು ಕಟ್ಟಿರುತ್ತಾರೆ, ಮೇಲಿನದನ್ನು ಎತ್ತಿದರೆ ಕೆಳಗಿನದು ಸಿಡಿಯುತ್ತದೆ. ಲೋಹ ಕಂಡುಹಿಡಿಯುವ ಯಂತ್ರವುಂಟು. ಪೋಲೆಂಡಿನ ಕೊಸಾಟ್ಸ್ಕಿ ಎಂಬ ಅಧಿಕಾರಿ ಅದನ್ನು ರೂಪಿಸಿ, ಪ್ರತಿಫಲ ಬಯಸದೆ ಬ್ರಿಟಿಷ್ ಸೇನೆಗೆ ಕೊಟ್ಟನು. ೧೯೪೨ರಲ್ಲಿ ಎಲ್ ಅಲಮೈನಿನ ಮರಳಿನಲ್ಲಿ ಜರ್ಮನರು ಹೂಳಿದ್ದ, ‘ಸೈತಾನನ ತೋಟ’ಗಳೆಂದು ಹೆಸರಾದ ಬಾಂಬುಬಯಲುಗಳಲ್ಲಿ ಅದು ಕೆಲಸಕ್ಕೆ ಬಂತು. ಆದರೆ ಬಾಂಬಿನ ಮೈ ಮರದ್ದೋ ಪ್ಲಾಸ್ಟಿಕ್ಕಿನದೋ ಆದರೆ ಯಂತ್ರ ಹೆಚ್ಚಿಗೆ ಹೇಳುವುದಿಲ್ಲ. ಆಗ ಉಳಿಯುವುದು ಒಂದು ಸಲಾಕೆ ಮತ್ತು ಬೆರಳು. ಹೊಟ್ಟೆಯ ಮೇಲೆ ಮಲಗಿ ಸಲಾಕೆಯನ್ನು ಓರೆಯಾಗಿ ಮಣ್ಣಿಗೆ ಮೆಲ್ಲನೆ ಊರಬೇಕು. ನೆಟ್ಟಗೆ ಊರಿದರೆ ಬಾಂಬಿನ ನೆತ್ತಿಗೇ ತಾಗುತ್ತದೆ, ಓರೆಯಾದರೆ ಪಕ್ಕೆಗೆ ತಾಗುತ್ತದೆ. ತಾಗಿದ್ದು ಕಲ್ಲೋ ಬಾಂಬೋ ಎಂದು ಬೆರಳಿನಿಂದ ಮಣ್ಣು ಸರಿಸಿ ನೋಡಬೇಕು. ಬೆರಳೆರಡು ಮುಂದೆ ಸರಿದು ಮತ್ತೆ ಊರಬೇಕು. ತೆರವಾದ ದಾರಿಯ ಎರಡು ಅಂಚಿಗೂ ಬಿಳಿಯ ಪಟ್ಟಿ ಎಳೆಯುತ್ತ ಹೋಗಬೇಕು. ಸಾಮಾನ್ಯವಾಗಿ ಇದೆಲ್ಲ ನಡೆಯುವುದು ಕತ್ತಲಲ್ಲಿ, ಶತ್ರುವಿನ ಗುಂಡಿನ ಅಳತೆಯಲ್ಲಿ. ಏಕೆಂದರೆ ಕಾವಲಿಲ್ಲದ ಬಾಂಬುಬಯಲನ್ನು ಯಾವ ಸೇನಾನಿಯೂ ಹಾಕುವುದಿಲ್ಲ.

ಜರ್ಮನರ ಒಂದು ಬಗೆಯ ಬಾಂಬು ತುಳಿದೊಡನೆ ಸಿಡಿಯುತ್ತಿರಲಿಲ್ಲ. ಮೂರು ನಾಲ್ಕು ಸೆಕೆಂಡು ತಡೆದು, ನೆಲದಿಂದ ಮೇಲಕ್ಕೆ ಚಿಮ್ಮಿ, ಸೊಂಟದೆತ್ತರದಲ್ಲಿ ಸಿಡಿದು ಸುತ್ತ ಉಕ್ಕಿನ ಗುಂಡುಗಳನ್ನು ಎರಚುತ್ತಿತ್ತು. ೧೯೪೪ರ ಫೆಬ್ರವರಿ ೨೪ರಂದು ಇಟಲಿಯ ಮಿನ್ಯಾನೊ ಎಂಬಲ್ಲಿ ಮದ್ರಾಸ್ ಸ್ಯಾಪರ್ಸಿನ ಸುಬೇದಾರ್ ಸುಬ್ರಮಣಿಯನ್ ತಮ್ಮ ಜೊತೆಯವರೊಂದಿಗೆ ದಾರಿ ತೆರವು ಮಾಡುತ್ತಿದ್ದಾಗ ಮುಂದಿದ್ದ ಸೈನಿಕನೊಬ್ಬ ಅಂಥದನ್ನು ತುಳಿದನು. ಉಳಿದ ಮೂರು ನಾಲ್ಕು ಸೆಕೆಂಡುಗಳಲ್ಲಿ ಸುಬ್ರಮಣಿಯನ್ ಆ ಬಾಂಬಿನ ಮೇಲೆ ತಮ್ಮ ಮೈ ಚೆಲ್ಲಿದರು. ಮರಣೋತ್ತರವಾಗಿ ಅವರಿಗೆ ಜಾರ್ಜ್ ಕ್ರಾಸ್ ಸಂದಿತು. ಅವರಿಗಿಂತ ಮೂರು ವರ್ಷ ಹಿಂದೆ, ೧೯೪೧ರಲ್ಲಿ, ಪ್ರೇಮೇಂದ್ರ ಸಿಂಗ್ ಭಗತ್ ಎಂಬ ತರುಣ ಅಧಿಕಾರಿ ಅಬಿಸೀನಿಯದ ಗೊಂಡಾರಿನ ದಾರಿಯಲ್ಲಿ ನಾಲ್ಕು ದಿನ, ಹೊತ್ತು ಮೂಡಿದಂದಿನಿಂದ ಮುಳುಗುವವರೆಗೆ, ಐವತ್ತೈದು ಮೈಲಿಯ ಉದ್ದಕ್ಕೆ ಹದಿನೈದು ಬಾಂಬುಬಯಲುಗಳನ್ನು ತೆರವು ಮಾಡಿಸಿದ್ದರು. ಅವರ ವಾಹನ ಎರಡು ಸಲ ಸಿಡಿಯಿತು, ಒಂದು ಕಿವಿಯ ತಮಟೆ ಹರಿಯಿತು. ಬೇರೆಯವರನ್ನು ಕಳಿಸುತ್ತೇವೆಂದರೆ ಒಪ್ಪಲಿಲ್ಲ. ಅವರಿಗೆ ವಿಕ್ಟೋರಿಯ ಕ್ರಾಸ್ ದೊರೆಯಿತು.

ಇವೆಲ್ಲ ಬ್ರಿಟಿಷರ ಯುದ್ಧಗಳು. ಸ್ವತಂತ್ರ ಭಾರತದ ಮೊದಲ ಯುದ್ಧದಲ್ಲಿ ಈ ಕೆಲಸ ಹೇಗಿತ್ತೆಂಬುದಕ್ಕೆ ನಮ್ಮ ಕಾರವಾರದ ಕಡೆಯವರೊಬ್ಬರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ರಾಮ ರಾಘೋಬ ರಾಣೆ ೧೯೧೮ರಲ್ಲಿ ಹುಟ್ಟಿದರು. ಮನೆತನ ಕಾರವಾರ ಸಮೀಪದ ಚೆಂಡಿಯಾ ಗ್ರಾಮದ್ದು, ತಂದೆ ಪೊಲೀಸು ಕಾನ್‌ಸ್ಟೇಬಲ್. ೧೯೪೦ರಲ್ಲಿ ರಾಣೆ ಬಾಂಬೆ ಇಂಜಿನಿಯರ್ಸ್ ದಳಕ್ಕೆ ಸಾಮಾನ್ಯ ಸಿಪಾಯಿಯಾಗಿ ಸೇರಿದರು. ಬರ್ಮಾದಲ್ಲಿ ಕಾದಿದರು. ಕೆಳಗಿನಿಂದ ಮೇಲೇರುತ್ತ ೧೯೪೭ರ ಡಿಸೆಂಬರಿನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು. ನಾಲ್ಕು ತಿಂಗಳಿಗೆ ಸರಿಯಾಗಿ ಅವರನ್ನು ಜಮ್ಮುವಿನ ನೌಶೇರಾದಿಂದ ರಾಜೌರಿಗೆ ಹೋಗುವ ದಾರಿ ಬಿಡಿಸುವ ಕೆಲಸಕ್ಕೆ ಹಾಕಿದರು.

ರಾಜೌರಿ ಆಗ ದಾಳಿಕೋರರ ವಶದಲ್ಲಿತ್ತು. ಅಲ್ಲಿನ ಜನ ಪಡುತ್ತಿದ್ದ ಹಿಂಸೆಯ ಸುದ್ದಿ ಬರುತ್ತಿತ್ತು. ಸೈನ್ಯ ಬೇಗ ತಲಪಬೇಕಾಗಿತ್ತು. ಬೇಗ ತಲಪಬೇಕಾದರೆ ಟ್ಯಾಂಕು ಹೋಗಬೇಕು. ಟ್ಯಾಂಕು ಹೋಗಬೇಕಾದರೆ ದಾರಿ ಬೇಕು. ದಾರಿಯೋ ಬೆಟ್ಟದ ಮೈಯನ್ನು ಸುತ್ತಿಕೊಂಡು ಹೋಗುವ ಹಳೆಯ ಮೊಗಲ್ ಹಾದಿ. ಅದರ ಉದ್ದಕ್ಕೂ ಬಾಂಬು ಹೂಳಿ, ದೇವದಾರು ಜಾತಿಯ ದೊಡ್ಡ ಮರಗಳನ್ನು ಕೆಡವಿ, ಮೋರಿಗಳನ್ನು ಒಡೆದು, ಆಯಕಟ್ಟಿನಲ್ಲಿ ಮೆಷಿನ್‌ಗನ್ ಇಟ್ಟು ಹಗೆ ಕುಳಿತಿದ್ದನು.

೧೯೪೮ರ ಏಪ್ರಿಲ್ ೮ರ ಹಗಲು ಹನ್ನೊಂದು ಗಂಟೆಗೆ ರಾಣೆಯವರ ತಂಡ ಟ್ಯಾಂಕುಗಳ ಬಳಿ ಕೆಲಸ ಆರಂಭಿಸಲು ಕಾದಿತ್ತು. ಕೆಲಸ ಇನ್ನೂ ಮೊದಲಾಗಿರಲಿಲ್ಲ, ಮಾರ್ಟರ್ ಗುಂಡುಗಳು ಬಂದು ಬಿದ್ದವು. ತಂಡದ ಇಬ್ಬರು ಸತ್ತರು, ರಾಣೆಯವರೂ ಸೇರಿ ಐವರು ಗಾಯಗೊಂಡರು. ರಾಣೆ ಉಳಿದವರನ್ನು ಕೂಡಿಸಿಕೊಂಡು ಕೆಲಸಕ್ಕೆ ತೊಡಗಿದರು. ಸಂಜೆಗೆ ಡೋಗ್ರಾ ಪಡೆ ಬರ್ವಾಲಿ ಏಣನ್ನು ಹಿಡಿಯಿತು. ಸುತ್ತ ಇನ್ನೂ ಶತ್ರುಗಳಿದ್ದರು. ಅವರ ಕಣ್ಣೆದುರಿಗೇ ರಾತ್ರಿ ಹತ್ತರವರೆಗೆ ಟ್ಯಾಂಕುಗಳಿಗಾಗಿ ಬಳಸುದಾರಿ ಕಡಿದರು. ಬಾಂಬು ಹೂಳಿದ್ದ ಒಂದು ಕಡೆ ಟ್ಯಾಂಕಿನ ಅಡಿಯಲ್ಲಿಯೇ ತೆವಳುತ್ತ, ಅದರ ನಡಿಗೆಗೆ ತಮ್ಮ ತೆವಳಿಕೆಯನ್ನು ಹೊಂದಿಸಿಕೊಂಡು, ಒಳಗಿದ್ದ ಚಾಲಕನಿಗೆ ಹಗ್ಗ ಜಗ್ಗಿ ಸನ್ನೆ ಕೊಡುತ್ತ ಸಾಗಿದರೆಂದು ಹೇಳುತ್ತಾರೆ. ಹದಿನಾಲ್ಕು ಟನ್ನಿನ ಉಕ್ಕು ಬೆನ್ನ ಮೇಲೆ, ಬಾಂಬು ಮುಖದ ಮುಂದೆ. ಹಗ್ಗದ ಸನ್ನೆ ತಪ್ಪಿದರೆ ಯಾವುದರಿಂದ ಸಾವೆಂಬುದಷ್ಟೇ ಪ್ರಶ್ನೆ.

ಮರುದಿನ ಬೆಳಗ್ಗೆ ಆರಕ್ಕೆ ಮತ್ತೆ ಆರಂಭ. ಮಧ್ಯಾಹ್ನ ಮೂರಕ್ಕೆ ಬಳಸುದಾರಿ ಸಿದ್ಧವಾಯಿತು. ಮುಂದಿನ ವಾಹನದಲ್ಲಿ ರಾಣೆ ಹತ್ತಿ ಕುಳಿತರು. ಅರ್ಧ ಮೈಲಿ ಹೋದರೆ ದಾರಿಗಡ್ಡ ಮರಗಳು. ಇಳಿದು ಸಿಡಿಸಿದರು. ಮುನ್ನೂರು ಗಜ ಹೋದರೆ ಮತ್ತೆ ಅದೇ. ಆಮೇಲೆ ಒಡೆದ ಮೋರಿ. ಅದನ್ನು ಬಳಸಲು ದಾರಿ ಮಾಡುವಷ್ಟರಲ್ಲಿ ಮೆಷಿನ್‌ಗನ್ ಸಿಡಿಯತೊಡಗಿತು, ಆದರೂ ದಾರಿಯಾಯಿತು. ಸಂಜೆ ಆರೂಕಾಲಕ್ಕೆ ಐದು ದೊಡ್ಡ ಮರಗಳ ಒಡ್ಡು, ಸುತ್ತಲೂ ಬಾಂಬು, ಮೇಲಿನಿಂದ ಗುಂಡು. ರಾಣೆ ಬಾಂಬು ತೆಗೆಯಲು ಕುಳಿತೇಬಿಟ್ಟಿದ್ದರು. ಟ್ಯಾಂಕುಗಳ ನಾಯಕನೇ ಇವತ್ತಿಗೆ ಸಾಕೆಂದು ಪಡೆಯನ್ನು ಮರೆಗೆ ಕರೆದೊಯ್ದನು. ೧೦ರಂದು ನಸುಕಿನ ಐದಕ್ಕೆ ಕಾಲುಗಂಟೆ ಇರುವಾಗ ಅದೇ ಒಡ್ಡಿನ ಮುಂದೆ ಅವರು ಹಾಜರು. ಆರೂವರೆಗೆ ಅದು ಬಿಡುಗಡೆಯಾಯಿತು. ಮುಂದಿನ ಸಾವಿರ ಗಜ ಒಡ್ಡುಗಳೂ ಕುಸಿದ ಅಂಚುಗಳೂ ತುಂಬಿದ ಹಾದಿ. ಹತ್ತೂವರೆಗೆ ಅದೂ ತೆರೆಯಿತು. ಟ್ಯಾಂಕುಗಳು ತವಿಯ ಹೊಳೆಪಾತ್ರಕ್ಕೆ ಇಳಿದು ಮುಂದೆ ಹೋದುವು, ಎರಡು ಗಂಟೆಗೆ ಚಿಂಗಸ್ ತಲಪಿದುವು. ಕಾಶ್ಮೀರದಿಂದ ಮರಳುವಾಗ ತೀರಿಕೊಂಡ ಜಹಾಂಗೀರನ ಕರುಳನ್ನು ಹೂಳಿದ್ದು ಅಲ್ಲಿಯೇ ಎಂಬ ಪ್ರತೀತಿಯುಂಟು. ಚರಿತ್ರೆ ಓದಿದವರಿಗೆ ಆ ಹೆಸರು ಪರಿಚಿತ.

ಟ್ಯಾಂಕು ಮುಂದೆ ಹೋಯಿತಲ್ಲ, ರಾಣೆಯವರ ಕೆಲಸ ಮುಗಿಯಿತೆಂದುಕೊಳ್ಳಬೇಡಿ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮನಮುಟ್ಟಿದ್ದು ಮುಂದಿನ ಭಾಗ. ಟ್ಯಾಂಕಿಗೆ ಹೊಳೆಪಾತ್ರ ಸಾಕು. ಹಿಂದಿನಿಂದ ಬರುವ ಅಕ್ಕಿ, ಮದ್ದುಗುಂಡು, ಪೆಟ್ರೋಲುಗಳ ಲಾರಿಗೆ ರಸ್ತೆಯೇ ಬೇಕು. ಸೈನ್ಯದ ಗಮನವೆಲ್ಲ ಮುಂದೆ ಹೋದ ಟ್ಯಾಂಕಿನ ಮೇಲಿದ್ದಾಗ ಗಾಯಗೊಂಡ ಈ ಮನುಷ್ಯ ಹಿಂದುಳಿದು, ಊಟ ವಿಶ್ರಾಂತಿಗಳಿಲ್ಲದೆ ರಾತ್ರಿ ಒಂಬತ್ತರವರೆಗೆ ಲಾರಿಗಾಗಿ ರಸ್ತೆ ಬಿಡಿಸಿದರು. ೧೧ರಂದು ಬೆಳಗ್ಗೆ ಆರಕ್ಕೆ ಎದ್ದು ಹನ್ನೊಂದಕ್ಕೆ ಚಿಂಗಸ್‌ವರೆಗಿನ ರಸ್ತೆ ಮುಗಿಸಿ, ಆ ರಾತ್ರಿ ಹತ್ತರವರೆಗೆ ಅದರ ಮುಂದಿನದನ್ನು ಮಾಡಿದರು. ೧೨ರಂದು ನಮ್ಮ ಸೇನೆ ರಾಜೌರಿಯನ್ನು ಸೇರಿತು.

ರಾಣೆಯವರಿಗೆ ಪರಮವೀರ ಚಕ್ರ ದೊರೆಯಿತು. ಅದನ್ನು ಬದುಕಿದ್ದು ಧರಿಸಿದ ಕೆಲವೇ ಮಂದಿಯಲ್ಲಿ ಅವರೊಬ್ಬರು. ೧೯೬೮ರಲ್ಲಿ ಮೇಜರ್ ಆಗಿ ನಿವೃತ್ತರಾಗಿ ೧೯೯೪ರಲ್ಲಿ ತೀರಿಕೊಂಡರು. ಕಾರವಾರದ ಕಡಲತೀರದಲ್ಲಿ, ಹಳೆಯ ಯುದ್ಧನೌಕೆಯ ಪಕ್ಕದಲ್ಲಿ, ೨೦೦೬ರಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಿದರು. ನೌಕೆ ದೊಡ್ಡದು. ಬಂದವರು ಅದನ್ನೇ ಮೊದಲು ನೋಡುವುದು ಸಹಜ.

ಅದೇ ವರ್ಷ ಚಳಿಗಾಲ ಕಾಲಿಡುವ ಹೊತ್ತಿಗೆ ಕಾಶ್ಮೀರದ ಇನ್ನೊಂದು ತುದಿಯಲ್ಲಿ ಜೋಜಿಲಾ ಕಣಿವೆ ಕಂಟಕವಾಗಿತ್ತು. ಸುಮಾರು ೧೧,೫೦೦ ಅಡಿ ಎತ್ತರದ ಆ ಕಣಿವೆ ಹಗೆಯ ಕೈಯಲ್ಲಿರುವ ತನಕ ಲಡಾಖಿಗೆ ಅತ್ತಣ ನೆಲದ ದಾರಿ ಮುಚ್ಚಿದಂತೆ. ಕಾಲಾಳು ಪಡೆಯ ದಾಳಿಗಳು ಸೆಪ್ಟೆಂಬರಿನಲ್ಲಿ ವಿಫಲವಾಗಿದ್ದುವು. ಆಗ ಅಲ್ಲಿನ ಡಿವಿಜನ್ನಿಗೆ ಮುಖ್ಯಸ್ಥರಾಗಿದ್ದವರು ನಮ್ಮ ಕೊಡಗಿನ ತಿಮ್ಮಯ್ಯನವರು. ಅವರ ಮೇಲಧಿಕಾರಿ ಕಾರ್ಯಪ್ಪನವರು. ಅಷ್ಟು ಎತ್ತರಕ್ಕೆ ಟ್ಯಾಂಕು ಹತ್ತಿಸುವುದೆಂದು ತೀರ್ಮಾನವಾಯಿತು. ಗುಟ್ಟು ಬಯಲಾಗದಂತೆ ಟ್ಯಾಂಕುಗಳ ಗೋಪುರ ಕಳಚಿ, ಮೈಮುಚ್ಚಿ ತಂದರು. ಆದರೆ ಬಾಲ್ಟಾಲಿನಿಂದ ಮೇಲಕ್ಕೆ ಇದ್ದುದು ಹೇಸರಗತ್ತೆ ನಡೆಯುವಷ್ಟು ಕಾಲುದಾರಿ. ಅದನ್ನು ಟ್ಯಾಂಕು ಹತ್ತುವ ರಸ್ತೆಯಾಗಿ ಮಾಡಿದವರು ಬೆಂಗಳೂರಿನ ತಂಬಿಗಳು. ದಕ್ಷಿಣದ ಬಿಸಿಲಿನಲ್ಲಿ ಬೆಳೆದ ಮಕ್ಕಳು ಆ ಚಳಿಯಲ್ಲಿ ಬಂಡೆ ಸಿಡಿಸಿ ರಸ್ತೆ ಕಡಿದರು. ನವೆಂಬರ್ ೧ರಂದು ಹಿಮ ಬೀಳುವ ಹಗಲಿನಲ್ಲಿ ಟ್ಯಾಂಕುಗಳು ಕಣಿವೆಯ ನೆತ್ತಿಯಲ್ಲಿ ಕಾಣಿಸಿಕೊಂಡಾಗ ಹಗೆಗೆ ದಿಕ್ಕು ತೋಚಲಿಲ್ಲ. ಅಂದು ಸಂಜೆಯೊಳಗೆ ಜೋಜಿಲಾ ನಮ್ಮದಾಯಿತು. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್. ತಿಮ್ಮಯ್ಯನವರ ಹೆಸರು ಮನೆಮಾತಾದದ್ದು ನ್ಯಾಯವಾಗಿಯೇ. ಟ್ಯಾಂಕನ್ನೇರಿ ತಾವೇ ಮುಂದೆ ನಡೆದ ಸೇನಾನಿ ಅವರು. ಹಾದಿ ಕಡಿದವರಿಗೆ ಆ ಮಾತಿನಲ್ಲಿ ಒಂದು ಪಾಲು ಸಲ್ಲಬೇಕಷ್ಟೆ.

ಹಾದಿ ಪೂರ್ತಿಯಾಗುವ ತನಕ ಯುದ್ಧ ಕಾಯುವುದಿಲ್ಲ. ೧೯೭೧ರ ಡಿಸೆಂಬರ್ ೧೫ರ ರಾತ್ರಿ ಶಕರ್‌ಗಢದ ಬಸಂತರ್ ಹೊಳೆಯ ಆಚೆ ನಮ್ಮ ಕಾಲಾಳುಗಳು ನೆಲೆಯೂರಿದ್ದರು. ಈಚೆಯ ಬಾಂಬುಬಯಲನ್ನು ಇಂಜಿನಿಯರುಗಳು ಅರ್ಧದಷ್ಟು ತೆರವು ಮಾಡಿದ್ದರು. ಅಷ್ಟರಲ್ಲಿ ಶತ್ರುವಿನ ಟ್ಯಾಂಕುಗಳು ಬರುತ್ತಿರುವ ಸುಳಿವು ಸಿಕ್ಕಿತು. ಪೂನಾ ಹಾರ್ಸ್ ಪಡೆಯ ಟ್ಯಾಂಕುಗಳು ತೆರವಾಗದ ಉಳಿದರ್ಧವನ್ನು ಹಾಗೆಯೇ ಹಾಯ್ದು ಹೋದುವು. ಮರುದಿನದ ಕಾಳಗದಲ್ಲಿಯೇ ಇಪ್ಪತ್ತೊಂದು ವರ್ಷದ ಅರುಣ್ ಖೇತ್ರಪಾಲ್ ಮಡಿದದ್ದು. ಆ ದಿನಗಳಲ್ಲಿ ಅದೇ ಭಾಗದ ಬಾಂಬುಬಯಲುಗಳಲ್ಲಿ ದಾರಿ ಬಿಡಿಸುತ್ತಿದ್ದ ಇಂಜಿನಿಯರ್ ರೆಜಿಮೆಂಟಿನ ಮೇಜರ್ ವಿಜಯ್ ರತ್ತನ್ ಚೌಧರಿಯವರೂ ಹತರಾದರು. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿದೆ.

ಕಡೆಯದಾಗಿ, ಸಂತೋಷವಿಲ್ಲದೆ ಹೇಳಬೇಕಾದ ಸಂಗತಿಯೊಂದಿದೆ. ನೆಲಬಾಂಬನ್ನು ತೆಗೆಯುವವನು ಸ್ಯಾಪರ್ ಎಂದೆ. ಹೂಳುವವನೂ ಅವನೇ. ೨೦೦೧ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ದಾಳಿ ನಡೆದ ಮೇಲೆ ನಮ್ಮ ಸೇನೆ ಪಶ್ಚಿಮದ ಗಡಿಗೆ ಹೋಗಿ ತಿಂಗಳುಗಟ್ಟಲೆ ನಿಂತಿತು. ಪಂಜಾಬ, ರಾಜಸ್ಥಾನ, ಜಮ್ಮುಗಳ ಗಡಿಯಂಚಿನ ಹೊಲಗಳಲ್ಲಿ ಉದ್ದಕ್ಕೂ ಬಾಂಬು ಹೂತರು. ಯುದ್ಧವೇ ನಡೆಯಲಿಲ್ಲ. ಆದರೂ ಹೂಳುವಾಗ ಸೈನಿಕರು ಸತ್ತರು, ತೆಗೆಯುವಾಗಲೂ ಸತ್ತರು, ನಡುವೆ ರೈತರೂ ದನಕರುಗಳೂ ಕಾಲು ಕಳೆದುಕೊಂಡರು. ಮನುಷ್ಯರನ್ನು ಕೊಲ್ಲುವ ನೆಲಬಾಂಬನ್ನು ನಿಷೇಧಿಸುವ ಒಪ್ಪಂದ ೧೯೯೭ರಲ್ಲಿ ಒಟ್ಟಾವದಲ್ಲಿ ಆಯಿತು. ಭಾರತ ಅದಕ್ಕೆ ಸಹಿ ಹಾಕಿಲ್ಲ. ಉದ್ದನೆಯ ಗಡಿಯುಳ್ಳ ದೇಶಕ್ಕೆ ಅದು ಬೇಕೆಂಬುದು ಸರ್ಕಾರದ ವಾದ. ಅದರ ಸರಿತಪ್ಪು ಬಲ್ಲವರು ಹೇಳಲಿ.

ಹೂಳುವಾಗ ಪ್ರತಿಯೊಂದು ಬಾಂಬಿನ ಸ್ಥಾನವನ್ನೂ ನಕ್ಷೆಯಲ್ಲಿ ಗುರುತು ಹಾಕುವುದು ಸ್ಯಾಪರನ ಧರ್ಮ. ಶಾಂತಿಯ ಕಾಲದಲ್ಲಿ ಆ ನಕ್ಷೆಯನ್ನು ಹಿಡಿದು ತೆಗೆಯಲು ಬರುವವನು ಅವನಾದರೂ ಆಗಬಹುದು, ಅವನನ್ನು ಎಂದೂ ನೋಡದ ಇನ್ನೊಬ್ಬನಾದರೂ ಆಗಬಹುದು. ಮಣ್ಣು ಅಲುಗದೆ ಇದ್ದ ಕಡೆ ನಕ್ಷೆ ಸುಳ್ಳು ಹೇಳುವುದಿಲ್ಲ. ಮಳೆ ಬಿದ್ದು ಹಳ್ಳ ಹರಿದ ಕಡೆ, ಮರಳದಿಬ್ಬ ಸರಿದ ಕಡೆ, ಬೆಟ್ಟದ ಮೇಲಿನಿಂದ ಹಿಮ ಕರಗಿ ಜಾರಿದ ಕಡೆ ಬಾಂಬು ಇಟ್ಟಲ್ಲಿ ಇರುವುದಿಲ್ಲ. ಅಲ್ಲಿ ನಕ್ಷೆಯನ್ನು ಮಡಿಸಿ ಜೇಬಿಗಿಟ್ಟು, ಹೊಟ್ಟೆಯ ಮೇಲೆ ಮಲಗಿ, ಸಲಾಕೆಯನ್ನು ಓರೆಯಾಗಿ ಹಿಡಿದು ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ.